ಬೊಲೊನ್ಯಾದ ಪಾಸ್ತಾ ಕ್ಲಾಸ್: ನಾನು, ಅತ್ತೆ ಮತ್ತು ಒಂದು ಉದ್ದನೆಯ ಲಟ್ಟಣಿಗೆ

ಇಟಲಿಗೆ ಹೋದಾಗ ಅಡುಗೆ ಕ್ಲಾಸ್‌ಗೆ ದುಡ್ಡು ಹಾಕಬಹುದಾ ಅಂತ ಇಬ್ಬರು ಗೆಳತಿಯರು ಕೇಳಿದ್ದಾರೆ. ಹಾಕಬಹುದು. ಆದರೆ ಯಾವ ಕ್ಲಾಸ್ ಅನ್ನೋದನ್ನು ನೋಡಿಕೊಂಡು ಹಾಕಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಫ್ಲಾರೆನ್ಸ್‌ನಲ್ಲಿ, ಇಪ್ಪತ್ತಕ್ಕಿಂತ ಜಾಸ್ತಿ ಜನ ಇದ್ದ ಒಂದು ದೊಡ್ಡ ಹಾಲ್‌ನಲ್ಲಿ. ಹೆಸರು ಬೇಡ. ಅಲ್ಲಿ ಮುಂದೆ ನಿಂತವರು ಎಲ್ಲಾ ಮಾಡಿ ತೋರಿಸಿದರು, ನಾವು ಏಪ್ರನ್ ಕಟ್ಟಿಕೊಂಡು ನೋಡಿದೆವು, ಕೊನೆಗೆ ನಾಲ್ಕು ಜನಕ್ಕೆ ಒಂದು ಉಂಡೆ ಹಿಟ್ಟು ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಹಿಟ್ಟು ಲಟ್ಟಿಸುವ ಮೆಷಿನ್ನಿನ ಹಿಡಿ ತಿರುಗಿಸುವ ಕೆಲಸ. ಊಟ ಚೆನ್ನಾಗಿತ್ತು, ಫೋಟೋ ಚೆನ್ನಾಗಿ ಬಂತು, ಮನೆಗೆ ಬಂದು ಮಾಡೋಣ ಅಂತ ಹಿಟ್ಟು ಸುರಿದುಕೊಂಡರೆ ಏನೂ ಗೊತ್ತಿರಲಿಲ್ಲ.

ಎರಡನೇ ಸಲ ಹೋಗಿದ್ದು 2025ರ ಮೇ ತಿಂಗಳಲ್ಲಿ, ಬೊಲೊನ್ಯಾಕ್ಕೆ. ಅದರ ಬಗ್ಗೆ ಬರೆಯೋಕೇ ಕೂತಿದ್ದೇನೆ.

ನಾದಿನಿ ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡೋಕೆ ನಾನು, ಅತ್ತೆ ಇಬ್ಬರೇ ಹೋಗಿದ್ದೆವು. ಮಿಲಾನ್‌ನಿಂದ ಬೊಲೊನ್ಯಾಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ, ಅಷ್ಟೇ. ಅತ್ತೆಗೆ ಅರವತ್ತೇಳು ವರ್ಷ, ಮೈಸೂರಿನವರು, ಮೊಟ್ಟೆ ಮುಟ್ಟೋದಿಲ್ಲ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಬೊಲೊನ್ಯಾದ ಪಾಸ್ತಾ ಅಂದರೆ ಮೊಟ್ಟೆಯದೇ ಪಾಸ್ತಾ, ನೀರನ್ನೇ ಹಾಕೋದಿಲ್ಲ. ಹಾಗಾಗಿ ಅತ್ತೆ ಸುಮ್ನೆ ಕೂತು ನೋಡುತ್ತಾರೆ ಅಂತಲೇ ನಾವು ಅಂದುಕೊಂಡಿದ್ದೆವು. ನಾದಿನಿ ಮಾತ್ರ ಮೂರು ವಾರ ಮೊದಲೇ ಕ್ಲಾಸಿನವರಿಗೆ ಮೇಲ್ ಹಾಕಿ ಕೇಳಿದಳು. ಅಮ್ಮ ಮೊಟ್ಟೆ ತಿನ್ನಲ್ಲ, ಅವರ ಕೈಗೆ ಏನಾದರೂ ಕೆಲಸ ಕೊಡುತ್ತೀರಾ ಅಂತ. ಮಾರನೇ ದಿನವೇ ಉತ್ತರ ಬಂತು. ಅವರಿಗೆ ಬೇರೆ ಹಿಟ್ಟು, ಬೇರೆ ಮಣೆ, ಚಿಂತೆ ಬೇಡ ಅಂತ. ಆ ಉತ್ತರ ನೋಡಿಯೇ ಬುಕ್ ಮಾಡಿದೆವು.

ತಲೆಗೆ 85 ಯೂರೋ. ಮೂರು ಜನಕ್ಕೆ ನಮ್ಮ ದುಡ್ಡಲ್ಲಿ ಇಪ್ಪತ್ತೈದು ಸಾವಿರದ ಹತ್ತಿರ. ಕಡಿಮೆ ಅಲ್ಲ, ಗೊತ್ತು. ಮೂರೂವರೆ ಗಂಟೆ ಕ್ಲಾಸ್, ಕೊನೆಗೆ ಮಾಡಿದ್ದನ್ನೇ ಕೂತು ಊಟ. ಹಳೇ ಊರಿನ ಒಳಗೆ ಒಂದು ಮನೆಯ ಅಡುಗೆಮನೆ, ಒಟ್ಟು ಎಂಟು ಜನ. ಕಲಿಸಿದಾಕೆಗೂ ಅತ್ತೆಯದೇ ವಯಸ್ಸಿರಬೇಕು. ನಾವು ಸಿನ್ಯೋರಾ (ಅಲ್ಲಿನ ಭಾಷೆಯಲ್ಲಿ ಅಮ್ಮಾವ್ರು) ಅಂತಲೇ ಕರೆದೆವು. ಅಲ್ಲಿ ಕೈಯಲ್ಲಿ ಪಾಸ್ತಾ ಹಾಳೆ ಲಟ್ಟಿಸುವ ಹೆಂಗಸರಿಗೆ ಸ್ಫೋಲ್ಯೀನಾ ಅನ್ನುತ್ತಾರೆ, ಲಟ್ಟಿಸಿದ ಹಾಳೆಗೆ ಸ್ಫೋಲ್ಯಾ. ಅದೊಂದು ಕಸುಬು. ಊರಿನ ಪಾಸ್ತಾ ಅಂಗಡಿಗಳ ಗಾಜಿನ ಹಿಂದೆ ಅವರು ನಿಂತು ಲಟ್ಟಿಸುವುದನ್ನು ಬೀದಿಯಿಂದಲೇ ನೋಡಬಹುದು.

ಒಳಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಮರದ ಹಲಗೆಗಳು. ಒಬ್ಬೊಬ್ಬರಿಗೆ ಒಂದೊಂದು. ಪಕ್ಕದಲ್ಲಿ ಒಂದೊಂದು ಲಟ್ಟಣಿಗೆ, ನಮ್ಮ ಚಪಾತಿ ಲಟ್ಟಣಿಗೆಯ ಎರಡು ಪಟ್ಟಿಗಿಂತ ಉದ್ದ, ತುದಿಯಿಂದ ತುದಿಗೆ ಒಂದೇ ದಪ್ಪ. ಅದಕ್ಕೆ ಮತ್ತರೆಲ್ಲೋ ಅಂತ ಹೆಸರು. ಮೆಷಿನ್ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಸಿನ್ಯೋರಾ ಹೇಳಿದ ಕಾರಣ ನನಗೆ ಇಷ್ಟವಾಯಿತು. ಮೆಷಿನ್ನಿನ ಉಕ್ಕಿನ ಉರುಳೆಗಳ ನಡುವೆ ಹೋದ ಹಿಟ್ಟು ನುಣುಪಾಗಿಬಿಡುತ್ತದೆ. ಮರದ ಮೇಲೆ ಮರದಿಂದ ಲಟ್ಟಿಸಿದರೆ ಹಾಳೆಯ ಮೈ ಸ್ವಲ್ಪ ಒರಟಾಗಿ ಉಳಿಯುತ್ತದೆ, ಸಾಸ್ ಅದಕ್ಕೆ ಹಿಡಿದುಕೊಳ್ಳುತ್ತದೆ. ಆಮೇಲೆ ಊಟಕ್ಕೆ ಕೂತಾಗ ತಟ್ಟೆಯ ತಳದಲ್ಲಿ ಸಾಸ್ ಉಳಿದೇ ಇರಲಿಲ್ಲ, ಆಗ ಅರ್ಥವಾಯಿತು.

ಲೆಕ್ಕ ತುಂಬಾ ಸುಲಭ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಹಿಟ್ಟು ಅಂದರೆ ಅಲ್ಲಿನ ಸೊನ್ನೆ-ಸೊನ್ನೆ ನಂಬರಿನದು, ನಮ್ಮ ಮೈದಾದಷ್ಟೇ ನಯ. ಹಿಟ್ಟನ್ನು ಹಲಗೆ ಮೇಲೆ ಗುಡ್ಡೆ ಹಾಕಿ, ನಡುವೆ ಬಾವಿ ಮಾಡಿ, ಮೊಟ್ಟೆ ಒಡೆದು ಅದರೊಳಗೆ ಹಾಕಬೇಕು. ಹಳದಿ ಭಾಗದ ಬಣ್ಣ ನೋಡಿ ನಾನು ಒಂದು ಕ್ಷಣ ನಿಂತೆ, ಮಾಗಿದ ಮಾವಿನ ಹಣ್ಣಿನ ಕೇಸರಿ. ಪಾಸ್ತಾ ಮಾಡೋಕೆ ಅಂತಲೇ ಅಂಗಡಿಯಲ್ಲಿ ಬೇರೆ ಮೊಟ್ಟೆ ಸಿಗುತ್ತದಂತೆ, ಡಬ್ಬದ ಮೇಲೆ ಹಾಗೇ ಬರೆದಿರುತ್ತಾರೆ. ಫೋರ್ಕಿನಲ್ಲಿ ಕದಡುತ್ತಾ ಬಾವಿಯ ಒಳಗೋಡೆಯಿಂದ ಸ್ವಲ್ಪ ಸ್ವಲ್ಪ ಹಿಟ್ಟು ಎಳೆದುಕೊಳ್ಳಬೇಕು. ನನ್ನ ಬಾವಿಯ ಒಂದು ಕಡೆ ಗೋಡೆ ಬಿರಿದು ಮೊಟ್ಟೆ ಹಲಗೆಯ ಅಂಚಿಗೆ ಓಡಿತು. ಸಿನ್ಯೋರಾ ಏನೂ ಹೇಳದೆ ಒಂದು ತೆಳು ತಗಡು ಕೊಟ್ಟು ಅದರಿಂದ ಬಾಚಿಕೋ ಅಂತ ಸನ್ನೆ ಮಾಡಿದರು, ನನ್ನ ಕೈಯಿಂದ ಕಿತ್ತುಕೊಂಡು ತಾವೇ ಮಾಡಲಿಲ್ಲ. ಈ ಕ್ಲಾಸಿನ ಬಗ್ಗೆ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ಅವರು ಯಾರ ಹಿಟ್ಟನ್ನೂ ಸರಿ ಮಾಡಿಕೊಡಲಿಲ್ಲ. ಬಂದು ಮುಟ್ಟಿ ನೋಡುತ್ತಿದ್ದರು, ತಮ್ಮ ಉಂಡೆಯನ್ನು ನಮ್ಮ ಕೈಗೆ ಕೊಟ್ಟು ಮುಟ್ಟಿ ನೋಡು ಅನ್ನುತ್ತಿದ್ದರು, ಮತ್ತೆ ಹೋಗಿಬಿಡುತ್ತಿದ್ದರು.

ಹತ್ತು ಹದಿನೈದು ನಿಮಿಷ ನಾದಿದೆವು. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ ಮತ್ತೆ ತಳ್ಳೋದು. ನಮ್ಮ ಹೋಳಿಗೆ ಕಣಕದಷ್ಟು ಮೆತ್ತಗಲ್ಲ, ಪೂರಿ ಹಿಟ್ಟಿಗಿಂತಲೂ ಗಟ್ಟಿ. ಶುರುವಿನಲ್ಲಿ ಇದು ಯಾವತ್ತೂ ಒಂದಾಗಲ್ಲ ಅನ್ನಿಸುತ್ತದೆ, ಅಷ್ಟು ಒರಟು. ಹತ್ತನೇ ನಿಮಿಷಕ್ಕೆ ಇದ್ದಕ್ಕಿದ್ದಂತೆ ಕೈಗೆ ನಯ ಸಿಗುತ್ತದೆ. ಆಮೇಲೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಯಾಕೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ, ನೆನೆಯದ ಕಣಕ ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಲಟ್ಟಿಸೋದು ಮಾತ್ರ ಚಪಾತಿಯ ಹಾಗೆ ಅಲ್ಲವೇ ಅಲ್ಲ. ಚಪಾತಿ ಲಟ್ಟಿಸಿ ಲಟ್ಟಿಸಿ ಪಳಗಿದ ಕೈ ಇಲ್ಲಿ ಮೊದಲು ತಪ್ಪುತ್ತದೆ. ನಾವು ಲಟ್ಟಣಿಗೆಯ ಮೇಲೆ ಒತ್ತಡ ಹಾಕುತ್ತೇವೆ. ಇಲ್ಲಿ ಒತ್ತಬಾರದು, ಎಳೆಯಬೇಕು. ಹಾಳೆ ತಟ್ಟೆಯಷ್ಟು ಅಗಲವಾದ ಮೇಲೆ ಅದರ ಮೇಲಿನ ಅಂಚನ್ನು ಲಟ್ಟಣಿಗೆಗೆ ಸುತ್ತಿ, ಎರಡೂ ಅಂಗೈಗಳನ್ನು ನಡುವಿನಿಂದ ತುದಿಗಳ ಕಡೆಗೆ ಸರಿಸುತ್ತಾ ಉರುಳಿಸಬೇಕು. ಹಿಟ್ಟು ಅಡ್ಡಕ್ಕೆ ಹಿಗ್ಗುತ್ತದೆ. ಬಿಡಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಸುತ್ತಬೇಕು. ಕೆಳಗಿನ ಭಾಗ ಹಲಗೆಯ ಅಂಚಿನಿಂದ ಜೋತು ಬೀಳುತ್ತದೆ, ಅದಕ್ಕೆ ಹೊಟ್ಟೆ ಒತ್ತಿ ಹಿಡಿದುಕೊಂಡೇ ಲಟ್ಟಿಸುತ್ತಾರೆ, ಸಿನ್ಯೋರಾರ ಏಪ್ರನ್‌ನ ಆ ಜಾಗ ಬೆಳ್ಳಗಾಗಿತ್ತು. ಹಾಳೆ ಎಷ್ಟು ತೆಳುವಾಗಬೇಕು ಅಂತ ಕೇಳಿದರೆ ಅಲ್ಲಿನವರು ಬೆಟ್ಟದ ಮೇಲಿನ ಸಾನ್ ಲೂಕಾ ಚರ್ಚು ಅದರ ಮೂಲಕ ಕಾಣಬೇಕು ಅನ್ನುತ್ತಾರಂತೆ. ನಮ್ಮ ಕಿಟಕಿಯಿಂದ ಬೆಟ್ಟ ಕಾಣುತ್ತಿರಲಿಲ್ಲ. ಸಿನ್ಯೋರಾ ತಮ್ಮ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು, ಹಿಂದೆ ಅವರ ಐದೂ ಬೆರಳು ನೆರಳಾಗಿ ಕಂಡವು. ನನ್ನ ಹಾಳೆಯಲ್ಲಿ ಒಂದು ಮೂಲೆಯಲ್ಲಿ ಮಾತ್ರ ಹಾಗೆ ಕಂಡಿತು, ಆ ಮೂಲೆಯನ್ನೇ ಮುಟ್ಟಿ ಅವರು ತಲೆಯಾಡಿಸಿದಾಗ ಆದ ಖುಷಿ ದೊಡ್ಡದು.

ಸ್ವಲ್ಪ ಆರಿದ ಮೇಲೆ ಹಾಳೆಯನ್ನು ಸಡಿಲವಾಗಿ ಮಡಚಿ ಚಾಕುವಿನಲ್ಲಿ ಕತ್ತರಿಸಿದರೆ ತಾಲ್ಯಾತೆಲ್ಲೆ, ಉದ್ದ ಪಟ್ಟಿಯಂಥ ಪಾಸ್ತಾ. ಇದರ ಅಗಲದ ವಿಷಯದಲ್ಲಿ ಬೊಲೊನ್ಯಾದವರು ಎಷ್ಟು ಖಡಕ್ ಅಂದರೆ, 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಅಳತೆಯನ್ನೇ ನೋಂದಾಯಿಸಿದ್ದಾರೆ. ಬೆಂದ ಮೇಲೆ ಎಂಟು ಮಿಲಿಮೀಟರ್. ಊರಿನ ಎತ್ತರದ ಅಸಿನೆಲ್ಲಿ ಗೋಪುರದ ಎತ್ತರವನ್ನು 12,270 ಭಾಗ ಮಾಡಿದರೆ ಒಂದು ಭಾಗ ಎಷ್ಟೋ ಅಷ್ಟು ಅಗಲ ಅಂತ ಅದಕ್ಕೆ ಲೆಕ್ಕ. ಅಳತೆಗೆ ಚಿನ್ನದ ತುಂಡೊಂದನ್ನೂ ಇಟ್ಟಿದ್ದಾರೆ. ಬೆಳಿಗ್ಗೆ ನಾವು ಆ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೆವು, ಪಕ್ಕದ ವಾಲಿದ ಗರಿಸೆಂಡಾ ಗೋಪುರದ ಸುತ್ತ 2023ರಿಂದ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಮಧ್ಯಾಹ್ನ ಚಾಕು ಹಿಡಿದು ಆ ಗೋಪುರದ ಲೆಕ್ಕದಲ್ಲಿ ಹಿಟ್ಟು ಕತ್ತರಿಸುವಾಗ ಊರಿಗೂ ಊಟಕ್ಕೂ ಇರುವ ನಂಟು ಕೈಗೇ ಗೊತ್ತಾಯಿತು.

ಈಗ ಅತ್ತೆಯ ವಿಷಯ.

ಅವರ ಹಲಗೆಯನ್ನು ಕಿಟಕಿಯ ಪಕ್ಕ, ನಮ್ಮಿಂದ ಸ್ವಲ್ಪ ದೂರದಲ್ಲಿ ಇಟ್ಟಿದ್ದರು, ಮೊಟ್ಟೆ ಸಿಡಿಯಬಾರದು ಅಂತ. ಹಿಟ್ಟು, ನೀರು, ಉಪ್ಪು, ಅಷ್ಟೇ. ಬೊಲೊನ್ಯಾ ಇರುವ ರಾಜ್ಯದ ಹೆಸರು ಎಮೀಲಿಯಾ ರೊಮಾನ್ಯಾ, ಅದರ ಪೂರ್ವದ ಭಾಗ ರೊಮಾನ್ಯಾ. ಅಲ್ಲಿ ಮೊಟ್ಟೆ ಇಲ್ಲದ ಒಂದು ಪಾಸ್ತಾ ಉಂಟು, ಸ್ತ್ರೊತ್ಸಪ್ರೇತಿ. ಪಾದ್ರಿಯ ಕುತ್ತಿಗೆ ಹಿಸುಕೋದು ಅಂತ ಹೆಸರಿನ ಅರ್ಥ, ಅದರ ಹಿಂದೆ ಹತ್ತಾರು ಕತೆ ಇವೆ, ಸಿನ್ಯೋರಾ ಹೇಳಿದ ಕತೆಯನ್ನು ನಾದಿನಿ ಅತ್ತೆಗೆ ಅನುವಾದ ಮಾಡಿ ಹೇಳಲಿಲ್ಲ. ಹಾಳೆ ದಪ್ಪಗೇ ಲಟ್ಟಿಸಿ, ಬೆರಳಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಬೇಕು. ಒಂದು ಪಟ್ಟಿಯ ತುದಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಒಂದು ಸಲ ಉಜ್ಜಿದರೆ ಅದು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡೂವರೆ ಅಂಗುಲಕ್ಕೆ ಚಿವುಟಿ ಹಾಕಬೇಕು. ಮತ್ತೆ ಉಜ್ಜಬೇಕು, ಮತ್ತೆ ಚಿವುಟಬೇಕು.

ಸಿನ್ಯೋರಾ ಎರಡು ಮಾಡಿ ತೋರಿಸಿದರು. ಅತ್ತೆ ನೋಡಿದರು. ಮೂರನೆಯದನ್ನು ಅವರೇ ಕೈಗೆ ತಗೊಂಡರು. “ಅಯ್ಯೋ, ಇದು ಬತ್ತಿ ಹೊಸೆಯೋದೇ ಅಲ್ವೇನಮ್ಮಾ?” ಅಂದರು ನನ್ನ ಕಡೆ ತಿರುಗಿ.

ದಿನಾ ಸಂಜೆ ಟಿವಿ ಮುಂದೆ ಕೂತು ಹತ್ತಿ ಹಿಂಜಿ ಬತ್ತಿ ಹೊಸೆಯುವ ಕೈ ಅದು. ಬಲ ಅಂಗೈ ಎಡ ಅಂಗೈ ಮೇಲೆ ಒಂದೇ ಸಲ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರೋದಿಲ್ಲ. ಹಿಂದಕ್ಕೆ ಉಜ್ಜಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ನಾನೂ ಪ್ರಯತ್ನ ಪಟ್ಟಾಗ ನನಗೆ ಆಗುತ್ತಿದ್ದದ್ದು ಅದೇ. ಅತ್ತೆಯ ಹಲಗೆ ಮೇಲೆ ಒಂದರ ಪಕ್ಕ ಒಂದು, ಒಂದೇ ಉದ್ದ, ಒಂದೇ ದಪ್ಪ, ಸಾಲಾಗಿ ಬೀಳತೊಡಗಿದವು. ಸಿನ್ಯೋರಾ ಬಂದು ನೋಡಿದರು. ಏನೋ ಅಂದರು. ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಅಂತ ಕೇಳುತ್ತಿದ್ದಾರೆ ಅಂತ ನಾದಿನಿ ಹೇಳಿದಳು. ಅತ್ತೆ “ದೇವರ ದೀಪಕ್ಕೆ ಅಂತ ಹೇಳು” ಅಂದರು. ನಾದಿನಿಗೆ ಬತ್ತಿಗೆ ಇಟಾಲಿಯನ್ ಪದ ಹೊಳೆಯಲಿಲ್ಲ. ಪರ್ಸಿನಲ್ಲಿ ಪೇಪರ್ ಟಿಶ್ಯೂ ಇತ್ತು, ಅತ್ತೆ ಅದರ ಒಂದು ಚೂರು ಹರಿದು ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ ತೋರಿಸಿದರು. ಸಿನ್ಯೋರಾ ಅದನ್ನು ತಗೊಂಡು ಕಿಟಕಿ ಪಕ್ಕದ ಮೇರಿ ಮಾತೆಯ ಸಣ್ಣ ವಿಗ್ರಹದ ಮುಂದೆ ಇಟ್ಟರು. ಆಮೇಲಿನ ಒಂದು ಗಂಟೆ ಇಬ್ಬರೂ ಅಕ್ಕಪಕ್ಕ ನಿಂತು ಕೆಲಸ ಮಾಡಿದರು, ನಾದಿನಿಯ ಅನುವಾದ ಬೇಕಾಗಲಿಲ್ಲ.

2025ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಯುನೆಸ್ಕೋ ಸಭೆ ನಡೆದು ಇಟಲಿಯ ಅಡುಗೆ ಮತ್ತು ನಮ್ಮ ದೀಪಾವಳಿ ಎರಡೂ ಒಂದೇ ಸಭೆಯಲ್ಲಿ ಪರಂಪರೆಯ ಪಟ್ಟಿಗೆ ಸೇರಿದವು. ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಕಿಟಕಿ.

ಊಟ. ತಾಲ್ಯಾತೆಲ್ಲೆಯ ಜೊತೆ ಬೊಲೊನ್ಯಾದಲ್ಲಿ ಹಾಕೋದು ರಗೂ, ಮಾಂಸದ ಸಾಸ್. ಬೇರೆ ದೇಶಗಳಲ್ಲಿ ಸ್ಪಘೆಟ್ಟಿ ಬೊಲೊನೀಸ್ ಅಂತ ಸಿಗುವುದನ್ನು ಆ ಊರಿನವರು ತಮ್ಮದು ಅಂತ ಒಪ್ಪುವುದಿಲ್ಲ. ರಗೂಗೂ 1982ರಲ್ಲಿ ಒಂದು ನೋಂದಾಯಿತ ವಿಧಾನ ಬಂತು, 2023ರಲ್ಲಿ ಅದನ್ನು ತಿದ್ದಿದರು. ಉಳಿದ ಐದು ಜನ ಅದನ್ನು ತಿಂದರು. ನನಗೂ ನಾದಿನಿಗೂ ಬೆಣ್ಣೆಯಲ್ಲಿ ಸೇಜ್ ಅನ್ನೋ ಘಮದ ಎಲೆ ಹುರಿದು ಹಾಕಿದ್ದು. ಎಲೆ ಗರಿಗರಿ ಆಗಿ, ಬೆಣ್ಣೆ ತುಪ್ಪದ ವಾಸನೆ ಬರುವ ಹೊತ್ತಿಗೆ ಪಾಸ್ತಾ ಬೆಂದಿತ್ತು, ಎರಡೂವರೆ ನಿಮಿಷ ಸಾಕು. ಅತ್ತೆಗೆ ಟೊಮೆಟೊ, ಬೇಸಿಲ್, ಆಲಿವ್ ಎಣ್ಣೆ. ಅವರು ಎರಡು ಸಲ ಹಾಕಿಸಿಕೊಂಡರು. ಪಯಣದ ಅಷ್ಟೂ ದಿನ ಅವಲಕ್ಕಿ, ಚಟ್ನಿಪುಡಿ, ಬ್ರೆಡ್ಡಿನಲ್ಲಿ ಕಳೆದವರು.

ಚೀಸ್ ವಿಷಯ ಸಸ್ಯಾಹಾರಿಗಳು ಗಮನಿಸಿ. ಪಾರ್ಮಿಜಾನೊ ರೆಜಿಯಾನೊ ಮಾಡುವಾಗ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅದು ಆ ಚೀಸಿನ ನಿಯಮ, ಬೇರೆ ಬಗೆ ಇಲ್ಲ. ಪರವಾಗಿಲ್ಲ ಅನ್ನುವವರು ತಿನ್ನಿ, ಬೇಡ ಅನ್ನುವವರು ಪೊಟ್ಟಣದ ಮೇಲೆ ‘ಕಾಲ್ಯೋ ವೆಜೆಟಾಲೆ’ (caglio vegetale, ಸಸ್ಯದ ರೆನೆಟ್) ಅಂತ ಬರೆದ ಬೇರೆ ಚೀಸ್ ಕೇಳಿ. ನಮ್ಮ ಸಿನ್ಯೋರಾ ಮೇಲ್ ನೋಡಿ ಅಂಥದ್ದನ್ನು ತಂದಿಟ್ಟಿದ್ದರು. ಅಕ್ಷರದ ವ್ಯತ್ಯಾಸವನ್ನೂ ನೋಡಿಕೊಳ್ಳಿ: ಹೂರಣ ತುಂಬಿದ ಪಾಸ್ತಾದಲ್ಲಿ ತೊರ್ತೆಲ್ಲಿನಿ ಸಣ್ಣದು, ಒಳಗೆ ಹಂದಿಮಾಂಸ ಇರುತ್ತದೆ, ಬೇಯಿಸೋದು ಮಾಂಸದ ಸಾರಿನಲ್ಲಿ. ತೊರ್ತೆಲ್ಲೊನಿ ದೊಡ್ಡದು, ಸಾಮಾನ್ಯವಾಗಿ ರಿಕೊಟ್ಟಾ ಅನ್ನೋ ಮೆತ್ತನೆ ಚೀಸ್ ತುಂಬಿರುತ್ತಾರೆ. ಮೆನುವಿನಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಚಪಾತಿಯಂತೆ ಕಾಣುವ ಪಿಯಾದೀನಾ ಕಂಡು ಇದಕ್ಕೇನು ಅಂತ ತಗೋಬೇಡಿ, ಹಳೇ ಪದ್ಧತಿಯಲ್ಲಿ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆ. ಆಲಿವ್ ಎಣ್ಣೆಯದೂ ಸಿಗುತ್ತದೆ, ಕೇಳಿ ತಗೊಳ್ಳಿ.

ಸರಿಯಿಲ್ಲದ್ದೂ ಹೇಳಬೇಕು. ಮನೆ ಇರೋದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಬುಕ್ ಮಾಡುವಾಗ ಇದನ್ನು ಎಲ್ಲೂ ಹೇಳಿರಲಿಲ್ಲ. ಅತ್ತೆ ಎರಡು ಕಡೆ ನಿಂತು ನಿಂತು ಹತ್ತಿದರು. ಎರಡೂವರೆ ಗಂಟೆ ನಿಂತೇ ಕೆಲಸ, ಕುರ್ಚಿ ಕೇಳಿ ಪಡೆಯಬೇಕಾಯಿತು, ಮಂಡಿ ನೋವಿರುವ ಹಿರಿಯರನ್ನು ಕರೆದೊಯ್ಯುವವರು ಮೊದಲೇ ಕೇಳಿಕೊಳ್ಳಿ. ತಿರಮಿಸು ಅನ್ನೋ ಸಿಹಿ ಕೂಡ ಕಲಿಸುತ್ತೇವೆ ಅಂತ ಬರೆದಿದ್ದರು. ಅಲ್ಲಿ ಹೋದರೆ ಅದನ್ನು ಮೊದಲೇ ಮಾಡಿ ಫ್ರಿಜ್‌ನಲ್ಲಿ ಇಟ್ಟಿದ್ದರು, ನಾವು ಮೇಲೆ ಕೋಕೋ ಪುಡಿ ಉದುರಿಸಿದ್ದಷ್ಟೇ. ಅದರಲ್ಲಿ ಹಸಿ ಮೊಟ್ಟೆ ಇರುತ್ತದೆ, ಅತ್ತೆಗೆ ಸ್ಟ್ರಾಬೆರಿ ಕೊಟ್ಟರು. ಸ್ಟ್ರಾಬೆರಿ ಚೆನ್ನಾಗಿತ್ತು, ಆದರೆ ಕಲಿಸುತ್ತೇವೆ ಅಂತ ಹೇಳಿದ್ದನ್ನು ಕಲಿಸಬೇಕು. ರೆಸಿಪಿ ಕಳಿಸೋದಕ್ಕೆ ಹನ್ನೊಂದು ದಿನ ತಗೊಂಡರು, ಅದೂ ನಾವು ಎರಡು ಸಲ ಕೇಳಿದ ಮೇಲೆ. ಅಷ್ಟು ಹೊತ್ತಿಗೆ ಬೆಂಗಳೂರಿಗೆ ಬಂದಾಗಿತ್ತು. ಕೈಯಲ್ಲಿ ಮಾಡಿದ್ದರಿಂದ ರೆಸಿಪಿ ಬೇಕಾಗಲಿಲ್ಲ, ಅದು ಬೇರೆ ಮಾತು.

ಬಂದ ವಾರವೇ ಮಾಡಿ ನೋಡಿದೆ. ಮೊದಲ ಸಲ ಹಿಟ್ಟು ಒಣಕಲಾಗಿ ಬಿರಿಯಿತು. ಕಾರಣ ಮೊಟ್ಟೆ. ಅಲ್ಲಿನ ಮಧ್ಯಮ ಗಾತ್ರದ ಮೊಟ್ಟೆಯೇ 53ರಿಂದ 63 ಗ್ರಾಂ ಇರುತ್ತದೆ, ನಾನು ಇಲ್ಲಿ ತಂದ ಮೊಟ್ಟೆ ತೂಗಿದರೆ 48 ಗ್ರಾಂ. ಈಗ ಒಂದು ಮೊಟ್ಟೆಗೆ 85 ಗ್ರಾಂ ಮೈದಾ ಹಾಕುತ್ತೇನೆ, ಸರಿ ಬರುತ್ತದೆ. ಮೊಟ್ಟೆ ಇಲ್ಲದ್ದಕ್ಕೆ ಬನ್ಸಿ ರವೆ ತಗೊಳ್ಳಿ. ಅದು ಡ್ಯೂರಮ್ ಅನ್ನೋ ಗಟ್ಟಿ ಜಾತಿಯ ಗೋಧಿಯದೇ, ಇಟಲಿಯ ದಕ್ಷಿಣದಲ್ಲಿ ಮೊಟ್ಟೆಯಿಲ್ಲದ ಪಾಸ್ತಾಕ್ಕೆ ಬಳಸುವುದೂ ಅದೇ ಜಾತಿಯ ಗೋಧಿಯ ರವೆ. ಮಿಕ್ಸಿಯಲ್ಲಿ ಇನ್ನೊಂದು ಸುತ್ತು ಹಾಕಿ ಜರಡಿ ಹಿಡಿದು, ಬಿಸಿನೀರಿನಲ್ಲಿ ಕಲಸಿ ಮುಕ್ಕಾಲು ಗಂಟೆ ನೆನೆಯೋಕೆ ಬಿಡಿ. ಅರ್ಧಕ್ಕರ್ಧ ಮೈದಾ ಸೇರಿಸಿದರೆ ಹೊಸೆಯೋಕೆ ಸುಲಭ. ಲಟ್ಟಣಿಗೆ ಅಲ್ಲಿಂದಲೇ ತಂದೆ, 70 ಸೆಂಟಿಮೀಟರಿನದು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಇಟ್ಟರೆ ಹಿಡಿಯಿತು. ಒಂದು ಮೀಟರಿನದು ತರೋಕೆ ಹೋಗಬೇಡಿ.

ಹೋಗುವವರಿಗೆ ಎರಡು ಮಾತು. ಆಗಸ್ಟ್ ಬಿಡಿ. ಆ ತಿಂಗಳ 15ಕ್ಕೆ ಬರುವ ಅಲ್ಲಿನ ಹಬ್ಬದ ಸುತ್ತ ಊರಿನ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ, ಜನ ಸಮುದ್ರದ ಕಡೆ ಹೋಗುತ್ತಾರೆ. ಬುಕ್ ಮಾಡುವ ಮುಂಚೆ ಮೂರೇ ಪ್ರಶ್ನೆ ಕೇಳಿ: ಒಟ್ಟು ಎಷ್ಟು ಜನ, ಒಬ್ಬೊಬ್ಬರಿಗೆ ಬೇರೆ ಹಲಗೆ ಇದೆಯಾ, ಮೆಟ್ಟಿಲು ಎಷ್ಟು. ಮೊಟ್ಟೆ ತಿನ್ನದವರು ‘ಸೆನ್ಸಾ ವೊವಾ’ (senza uova) ಅಂತ ಬರೆದು ಕಳಿಸಿ, ಮೊಟ್ಟೆ ಬೇಡ ಅಂತ ಅರ್ಥ. ಅದಕ್ಕೆ ಹಾರಿಕೆ ಉತ್ತರ ಬಂದರೆ ಬೇರೆ ಕಡೆ ನೋಡಿ. ಕುಟುಂಬದವರೆಲ್ಲ ಮೊಟ್ಟೆ ತಿನ್ನದವರಾದರೆ ಬೊಲೊನ್ಯಾಕ್ಕಿಂತ ದಕ್ಷಿಣದ ಪೂಲ್ಯಾ ಒಳ್ಳೆಯದು, ಅಲ್ಲಿನ ಒರೆಕಿಯೆತ್ತೆ ಪಾಸ್ತಾ ರವೆ ಮತ್ತು ನೀರಿನದೇ. ಅಲ್ಲಿನ ಬಾರಿ ಅನ್ನೋ ಊರಿನ ಹಳೇ ಗಲ್ಲಿಗಳಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿಕೊಂಡು ಹೆಬ್ಬೆರಳಿನಲ್ಲಿ ಅದನ್ನು ಒತ್ತುತ್ತಾ ಕೂತಿರುತ್ತಾರೆ. ನಾದಿನಿ ಓದು ಮುಗಿಸುವ ಮುಂಚೆ ಅಲ್ಲಿಗೆ ಹೋಗಬೇಕು ಅಂತ ಅತ್ತೆ ಈಗಲೇ ಹೇಳಿಟ್ಟಿದ್ದಾರೆ, ಆ ಗಲ್ಲಿಯ ವಿಡಿಯೋ ನೋಡಿ ಹಪ್ಪಳದ ಹಿಟ್ಟಿನ ಮೇಲೆ ಹೆಬ್ಬೆರಳು ಒತ್ತಿ ಅಭ್ಯಾಸವನ್ನೂ ಶುರು ಮಾಡಿದ್ದಾರೆ.